ಹೊಸ ಬಟ್ಟೆ

ಹೆರಿಗೆ ಮಾಡಿಸಲು ಬಂದ ಸೂಲಗಿತ್ತಿ ನೀಲವ್ವನ ಕಣ್ಣಿಗೆ ಮೊದಲು ಬಿದ್ದದ್ದು ದಿಂಬಿನ ಪಕ್ಕದಲ್ಲಿದ್ದ ಹೊಸ ಬಿಳಿ ಬಟ್ಟೆ.

"ಹಸೀ ಕೂಸಿಗೆ ಯಾರಾರ ಹೊಸಾದು ಸುತ್ತತಾರೇನವ್ವ? ನಿನ್ನ ಹಳೇ ಸೀರಿ ಎಲ್ಲೈತಿ?"

"ಇರಲಿ ಬಿಡ ಆಯಿ," ಎಂದಳು ಬೇನೆ ತಿನ್ನುತ್ತಿದ್ದ ಸಾವಂತ್ರಿ.

ನೀಲವ್ವ ಗೊಣಗುತ್ತಲೇ ಅವಳ ಸೊಂಟ ನೀವಿದಳು. "ಇನ್ನೊಂದು ಸಲ ಮುಕ್ಕು, ನನ್ನವ್ವ" ಎಂದು ಧೈರ್ಯ ಹೇಳಿದಳು. ಹೊತ್ತೇರುವಷ್ಟರಲ್ಲಿ ಹೆಣ್ಣುಕೂಸು ಕೈಗೆ ಬಂತು. ಅಳಲಿಲ್ಲ. ಬೆನ್ನು ತಟ್ಟಿದಳು, ಬಾಯಿಗೆ ಉಸಿರೂದಿದಳು, ಕಿವಿಯ ಹತ್ತಿರ ಕಂಚಿನ ತಾಟು ಬಡಿದಳು. ಕಡೆಗೆ ತಾಯಿಯ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿ ಕುಳಿತಳು.

"ಕೂಸು ದಣದೈತಿ. ಸ್ವಲ್ಪ ಮಲಗಲಿ."

ಸಾವಂತ್ರಿ ಬಿಳಿ ಬಟ್ಟೆಯನ್ನು ಅವಳತ್ತ ಸರಿಸಿದಳು.

"ಅದಕ್ಕಂತನ ತರಿಸಿಟ್ಟೀನಿ ಆಯಿ. ಮೂರು ದಿನದಿಂದ ಅದು ಹೊಟ್ಟ್ಯಾಗ ಮಿಸುಕಿಲ್ಲ."