ಸಿಗದ ಆಸಾಮಿ

ಕಂಪ್ಯೂಟರಿನಲ್ಲಿ ಕೋರ್ಟಿನ ಕೇಸುಗಳ ಪಟ್ಟಿ ತೆರೆದು ‘ಜಡೆಪ್ಪ’ ಎಂದು ಹೊಡೆದ ಕೂಡಲೇ ಅರವತ್ತೆಂಟು ಮಂದಿ ಜಡೆಪ್ಪರು ಸಾಲುಗಟ್ಟಿ ನಿಂತರು. ಬಳ್ಳಾರಿ ಕೋರ್ಟಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದ ಶೀಲಾ ತಲೆ ಕೆರೆದುಕೊಂಡಳು.

“ಇದರಾಗ ನಿನ್ನ ಜಡೆಪ್ಪ ಯಾವಾತಮ್ಮಾ? ಜಿಲ್ಲಾದಾಗಿನ ಜಡೆಪ್ಪರೆಲ್ಲಾ ಕೋರ್ಟಿನಾಗೇ ಅದಾರ.”

“ನನ್ನ ಕೈ ಮುರಿದಾತ,” ಎಂದು ಗಾದೆಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟಳು. ಮೊಣಕೈ ಕೆಳಗೆ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ನಾಲ್ಕು ವರ್ಷದ ಹಿಂದೆ, ತನ್ನ ಸರದಿಯ ಕಾಲುವೆ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳುತ್ತಿದ್ದವಳಿಗೆ ಜಡೆಪ್ಪ ಸಲಿಕೆಯ ಕಾವಿನಿಂದ ಹೊಡೆದಿದ್ದ. ಕೇಸಾಯಿತು. ಅವನು ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಹಿಡಿದು ತನ್ನಿ ಎಂದು ಜಡ್ಜರು ಮೂರು ಸಲ ವಾರಂಟು ಕೊಟ್ಟರು. ಮೂರು ಸಲವೂ ಅದು ಹೋದ ಹಾಗೇ ತಿರುಗಿ ಬಂತು.

“ತಂದಿ ಹೆಸರು ಚಿನ್ನಪ್ಪ. ಅದನ್ನೂ ಹಾಕು. ಊರ ಹೆಸರೂ ಹಾಕು.”

ಅರವತ್ತೆಂಟು ಮೂರಾಯಿತು, ಮೂರು ಒಂದಾಯಿತು.

“ಸಿಕ್ಕ ನೋಡು. ‘ವಾರಂಟು ಜಾರಿಯಾಗದೆ ವಾಪಸ್. ಇಂದು ಆದೇಶಕ್ಕೆ.’ ಆಸಾಮಿ ಊರಾಗಿಲ್ಲಂತ ಪೊಲೀಸ್ರು ರಿಪೋರ್ಟ್ ಕೊಟ್ಟಾರಮ್ಮಾ. ಜಡ್ಜರು ಅದನ್ನ ಒಪ್ಪಿದ್ರಂದ್ರ, ನಿನ್ನ ಫೈಲು ದಾರ ಬಿಗಿದು ಹಳೇ ಗಂಟಿನಾಗ ಒಗೀತಾರ. ಆಮ್ಯಾಲೆ ಕೇಳೋರಿಲ್ಲ.”

“ಎಷ್ಟೊತ್ತಿಗೆ?”

“ಹನ್ನೊಂದೂವರಿಗೆ.”

ಗೋಡೆಯ ಗಡಿಯಾರ ಆಗಲೇ ಹನ್ನೊಂದು ದಾಟಿತ್ತು. ಅಷ್ಟರಲ್ಲಿ, ಮೂರು ಸಲವೂ ಆ ವಾರಂಟು ಹೊತ್ತು ತಿರುಗಿದ್ದ ಪೇದೆ ಚಿದಾನಂದಪ್ಪನೇ ಏನನ್ನೋ ಜೆರಾಕ್ಸ್ ಮಾಡಿಸಲು ಬಂದ. ಮೊದಲು ಅವನ ಹೊಟ್ಟೆ ಬಾಗಿಲು ದಾಟಿತು, ಹಿಂದಿನಿಂದ ಅವನು ದಾಟಿದ.

“ಏನ್ ಯಮ್ಮಾ, ಈಗ ಕಂಪ್ಯೂಟರಿನಾಗ ಹಿಡೀತಿಯೇನು ಅವನ್ನ? ಹಿಡಿ, ಹಿಡಿ. ಸಿಕ್ಕರ ನಮಗೊಂದು ಫೋನ್ ಹಚ್ಚು.”

“ನಿಮಗ ಸಿಗವಲ್ಲನಲ್ರೀ ಸಾಯೇಬ್ರ, ಅದಕ್ಕ.”

“ಹುಡುಕದ ಜಾಗ ಇಲ್ಲ ತಿಳೀತಾ? ಸಿರಿಗೇರಿ, ಕುರುಗೋಡು, ಬಾದನಹಟ್ಟಿ, ತಿರುಗಿ ತಿರುಗಿ ಬೈಕಿನ ಟೈರು ಸವೀತು. ಗುಂಟೂರಾಗ ಮೆಣಸಿನಕಾಯಿ ಮಂಡಿಯಾಗ ಅದಾನಂತ ಒಬ್ರು ಅಂತಾರ, ಸತ್ತಾನಂತ ಒಬ್ರು ಅಂತಾರ.”

“ಮೊನ್ನಿ ಹಿಟ್ಟಿನ ಗಿರಣಿ ಮುಂದ ಕಂಡಿದ್ದ ರೀ. ಮೈಯಾಗ ಆರಾಮ ಇದ್ದ.”

“ನೀ ಬಾಯಿಲೆ ಅಂದ್ರ ಆತೇನು? ಬರವಣಿಗ್ಯಾಗ ಇರಬೇಕು, ಬರವಣಿಗ್ಯಾಗ!”

“ಖರೇ ರೀ,” ಎಂದಳು ಗಾದೆಮ್ಮ. ಅವಳಿಗೆ ಎಂದೂ ಅವಸರವಿಲ್ಲ. ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದಳು. ಕೋರ್ಟಿನಲ್ಲಿ ಅರ್ಜಿ ಹಾಕಿ, ಹನ್ನೆರಡು ದಿನ ಕಾದು, ಬೆಳಿಗ್ಗೆಯಷ್ಟೇ ಪಡೆದ ನಕಲು. “ನಿಮ್ಮ ರಿಪೋರ್ಟು ಅಂತ್ರೀ ಇದು. ಏನ್ ಬರ್ದೀರಿ, ಸ್ವಲ್ಪ ಓದಿ ಹೇಳ್ರಿ.”

“ಅಕ್ಷರ ಬರಾಕಿಲ್ಲ, ಇವ್ರಿಗೆ ಕೋರ್ಟು ಬೇಕು!” ಚಿದಾನಂದಪ್ಪ ಶೀಲಾಳ ಕಡೆ ನೋಡಿ ನಕ್ಕ. ಕನ್ನಡಕ ಏರಿಸಿ, ಸಾಲಿ ಮಾಸ್ತರನ ಧಾಟಿಯಲ್ಲಿ ಗಟ್ಟಿಯಾಗಿ ಓದತೊಡಗಿದ. “‘ಸದರಿ ಆಸಾಮಿಯನ್ನು ಊರಿನಲ್ಲಿ ಹುಡುಕಲಾಗಿ, ಎರಡು ವರ್ಷದಿಂದ ಊರು ಬಿಟ್ಟಿದ್ದು, ಇರುವ ಠಿಕಾಣಿ ತಿಳಿದುಬಂದಿರುವುದಿಲ್ಲ. ಈ ಬಗ್ಗೆ ಅದೇ ಊರಿನ ಇಬ್ಬರು ಸಾಕ್ಷಿದಾರರು ಸಹಿ ಮಾಡಿರುತ್ತಾರೆ.’ ಕೇಳಿದೇನು? ನಾನಲ್ಲ, ನಿಮ್ಮೂರ ಮಂದೀನ ಹೇಳ್ಯಾರ.”

“ಯಾರ್ರೀ ಆ ಪುಣ್ಯಾತ್ಮರು?”

“ಯಾರಾದ್ರ ಏನು? ಠಾಣೆ ಮುಂದ ಚಾ ಕುಡ್ಕೋತ ಕುಂತಿರ್ತಾರ. ಕಳವಿರ್ಲಿ, ಬಡದಾಟ ಇರ್ಲಿ, ಬರ್ರಪ್ಪಾ ಅಂದ್ರ ಬಂದು ಸಹಿ ಗೀಚಿ ಹೋಗ್ತಾರ. ಓದಂಗಿಲ್ಲ, ಯಾಕ ಅಂತ ಕೇಳಂಗಿಲ್ಲ. ಅಂಥವ್ರು ಇರೋದಕ್ಕ ನಮ್ಮ ಕೆಲಸ ನಡೀತೈತಿ.” ಅವನು ಹೆಮ್ಮೆಯಿಂದ ಕಾಗದದ ಕೆಳಭಾಗಕ್ಕೆ ಇಳಿದ. “ಒಂದನೇ ಸಾಕ್ಷಿ, ಪಾಲಯ್ಯ. ಎರಡನೇ ಸಾಕ್ಷಿ...”

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಅಕ್ಷರಗಳೇನೂ ಬದಲಾಗಲಿಲ್ಲ.

“ಯಾಕ್ರೀ ಸಾಯೇಬ್ರ, ಅಕ್ಷರ ಬರಾಕಿಲ್ಲೇನು?” ಗಾದೆಮ್ಮ ಐವತ್ತು ದಾಟಿದ ಮೇಲೆ ಓದು ಕಲಿತವಳು. ಕಾಗದದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. “ಎರಡನೇ ಸಾಕ್ಷಿ, ಜಡೆಪ್ಪ. ತಂದೆ, ಚಿನ್ನಪ್ಪ.”

ಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯ ಇವನ! ತಾನು ಊರಾಗಿಲ್ಲಂತ ತಾನ ಬಂದು ಸಹಿ ಮಾಡಿ ಹೋಗ್ಯಾನ!”

“ಅದು... ಬ್ಯಾರೆ ಜಡೆಪ್ಪ,” ಎಂದ ಚಿದಾನಂದಪ್ಪ. “ಆ ಹೆಸರಿನೋರು ರಗಡ ಮಂದಿ ಅದಾರ.”

“ಅರವತ್ತೆಂಟು ಮಂದಿ ರೀ, ಈಗ ಎಣಿಸೀವಿ. ಆ ಊರಿನ ಚಿನ್ನಪ್ಪನ ಮಗ ಮಾತ್ರ ಒಬ್ಬನ,” ಎಂದು ಶೀಲಾ ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನು ಕಾಗದವನ್ನು ಮೆಲ್ಲಗೆ ಮಡಚತೊಡಗಿದ.

“ಇಟ್ಕೊಳ್ರಿ ಬೇಕಾದ್ರ,” ಎಂದಳು ಗಾದೆಮ್ಮ. “ಈ ತಾಯಿ ಬೆಳಿಗ್ಗೇನ ನಾಕು ಜೆರಾಕ್ಸ್ ತೆಗೆದು ಕೊಟ್ಟಾಳ. ಒಂದು ವಕೀಲರ ಕೈಯಾಗ ಐತಿ.”

ಚೀಲ ಹೆಗಲಿಗೇರಿಸಿ ಅವಳು ಅಂಗಡಿಯ ಮೆಟ್ಟಿಲಿಳಿದಳು. ರಸ್ತೆ ದಾಟುವ ಮೊದಲು ಹಿಂತಿರುಗಿ, ಸಮಾಧಾನ ಹೇಳುವವಳಂತೆ ಅಂದಳು:

“ಆಸಾಮಿ ಸಿಗಲಿಲ್ಲಂದ್ರ ಹೋಗ್ಲಿ ಬಿಡ್ರಿ ಸಾಯೇಬ್ರ. ಜಡ್ಜರು ಕೇಳಿದ್ರ, ಆ ಎರಡನೇ ಸಾಕ್ಷೀನ್ನ ಕರ್ಕೊಂಡು ಬರ್ರಿ.”