ನಾಲ್ಕು ದಿನದ ಬಿಡುವು

ಹಾಸನದ ಕ್ರೀಡಾಂಗಣದಲ್ಲಿ ಹಿರಿಯರ ಐದು ಕಿಲೋಮೀಟರ್ ನಡಿಗೆ ಸ್ಪರ್ಧೆಯ ಕೊನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಸುವರ್ಣಮ್ಮನ ಮುಂದೆ ಒಬ್ಬಳೇ ಒಬ್ಬಳಿದ್ದಳು. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ನಡೆಸುವ ಐವತ್ತೆರಡರ ಸುವರ್ಣಮ್ಮನಿಗೆ ತನ್ನ ಕಾಲುಗಳ ಮೇಲೇ ಅಚ್ಚರಿ. ಎಲ್ಲೂ ನೋವಿರಲಿಲ್ಲ.

ಹೋದ ವಾರ ಹೀಗಿರಲಿಲ್ಲ. ಬೆಳಿಗ್ಗೆ ಸಂಜೆ ಬಿಡದೆ ನಡೆದು ಮೀನಖಂಡ ಕಲ್ಲಾಗಿತ್ತು, ನಡೆದಷ್ಟೂ ವೇಗ ಕುಗ್ಗುತ್ತಿತ್ತು. ಕೊನೆಗೆ ಪಿ.ಟಿ. ಟೀಚರ್ ಆಗಿದ್ದ ಮಗಳು ಯಶಸ್ವಿನಿ ಅವಳ ಶೂಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

"ನಾಕು ದಿನ ಸುಮ್ನೆ ಕೂತ್ಕೊಳವ್ವ. ಸೋಮವಾರ ಎತ್ತಿಗೂ ನೊಗ ಕಟ್ಟಾಕಿಲ್ಲ, ನಿನ್ ಕಾಲೇನು ಪಾಪ ಮಾಡವೆ?"

"ಕೂತ್ರೆ ಕಾಲು ಹಿಡ್ಕೊಬುಡ್ತವೆ ಕಣೆ," ಎಂದು ಜಗಳವಾಡಿದ ಸುವರ್ಣಮ್ಮ ಮೂರು ದಿನ ಮಗಳ ಜೊತೆ ಮಾತು ಬಿಟ್ಟಿದ್ದಳು. ನಾಲ್ಕನೆಯ ಮಧ್ಯಾಹ್ನ ಚಾಪೆಯ ಮೇಲೆ ತನಗೇ ತಿಳಿಯದೆ ನಿದ್ದೆಹೋಗಿ, ದೀಪ ಹಚ್ಚುವ ಹೊತ್ತಿಗೆ ಎದ್ದಿದ್ದಳು.

ಈಗ ತಿರುವಿನಲ್ಲಿ ಮುಂದಿನವಳ ಏದುಸಿರು ಕೇಳಿಸಿತು. ಸುವರ್ಣಮ್ಮ ಮೊಣಕೈ ಬೀಸಿ ಹೆಜ್ಜೆ ಚುರುಕು ಮಾಡಿದಳು. ಕಾಲುಗಳು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟವು. ಭುಜಕ್ಕೆ ಭುಜ ಬಂದಳು, ದಾಟಿದಳು, ಹತ್ತು ಹೆಜ್ಜೆ ಮುಂದಿದ್ದು ಗೆರೆ ಮುಟ್ಟಿದಳು.

ಓಡಿಬಂದು ತಬ್ಬಿಕೊಂಡ ಮಗಳ ಕಿವಿಯಲ್ಲಿ, ಉಸಿರು ಸಿಕ್ಕಿದ ಮೇಲೆ ಹೇಳಿದಳು: "ನಾಳೆ ನನ್ನ ಎಬ್ಬಿಸ್ಬ್ಯಾಡ ಕಣೆ. ಬಿಸ್ಲು ಏರಗಂಟ ಮಲಿಕತ್ತೀನಿ."