ಗುಲಾಬಿ ಕಟ್ಟುವಾಗ ಕೇಳಿದ ಕಥೆ

ಒದ್ದೆ ಪೇಪರಿನಲ್ಲಿ ಸುತ್ತಿದ ಗುಲಾಬಿಯ ವಾಸನೆ ಬಂದರೆ ಇವತ್ತಿಗೂ ನಾನು ಮತ್ತಿಗಿರಿಯ ನಮ್ಮ ಜಗಲಿಯಲ್ಲಿರುತ್ತೇನೆ.

ಅಜ್ಜಿ ಮಾರ್ಕೆಟ್ಟಿಗೆ ಕಳಿಸುವ ಗುಲಾಬಿಯ ಕೆಳಗಿನ ಎಲೆ ಕಿತ್ತು, ಇಪ್ಪತ್ತಿಪ್ಪತ್ತು ಹೂವಿಗೆ ರಬ್ಬರ್ ಹಾಕುತ್ತಿದ್ದಳು. ನಾನು ಪೇಪರ್ ನೆನೆಸಿ ಕೊಡುತ್ತಿದ್ದೆ. ಅಜ್ಜಿಯ ಕೊನೇ ಮಗಳು, ನನ್ನ ಚಿಕ್ಕಮ್ಮ, ಅವತ್ತು ಫ್ಯಾಕ್ಟರಿಗೆ ರಜೆ ಹಾಕಿ, ಇಂಗ್ಲಿಷ್ ಕಾದಂಬರಿಯೊಂದನ್ನು ನೋಡಿಕೊಂಡು ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ಐರ್ಲೆಂಡಿನ ಹುಡುಗಿಗೆ ಇಂಗ್ಲಿಷ್ ಸಿಪಾಯಿಯ ಮೇಲೆ ಪ್ರೀತಿ. ಅವಳ ಅಣ್ಣನೋ ದೇಶದ ಬಿಡುಗಡೆಗೆಂದು ಇಂಗ್ಲಿಷರ ಮೇಲೆ ಬಂದೂಕು ಹಿಡಿದಿದ್ದ.

"ಅವ್ರವ್ವ ಏನಂದ್ಳು?" ಅಜ್ಜಿ ಕೇಳಿದಳು.

"ನಮ್ಮೋನಲ್ಲ, ನಮ್ ಮಾತು ಬರಲ್ಲ, ಬ್ಯಾಡ ಅಂದ್ಳು."

ಅಜ್ಜಿಯ ಕೈ ನಿಂತಿತು. "ಹುಡುಗ ಹೆಂಗವ್ನೆ?"

"ಕುಡಿಯಲ್ಲ. ಇವಳ ಮಾತು ಕಲೀತಾವ್ನೆ."

"ಮತ್ತಿನ್ನೇನು? ಅಣ್ಣನ ಜಗಳ ಅಣ್ಣಂಗೆ. ಕಟ್ಕೊಳ್ಲಿ ಬಿಡು."

ಚಿಕ್ಕಮ್ಮ ಪುಸ್ತಕ ಮುಚ್ಚಿದಳು. "ಹಂಗಾದ್ರೆ ಐದು ಗಂಟೆಗೆ ಬತ್ತಾನೆ ಕಣವ್ವ. ನಮ್ ಫ್ಯಾಕ್ಟರಿಯೋನೇ, ತಿರುನೆಲ್ವೇಲಿ ಕಡೆಯೋನು. ಕಾಫಿಗೆ ಹಾಲು ಐತಾ?"

ಅಜ್ಜಿ ಕೈಲಿದ್ದ ಕಟ್ಟಿಗೆ ರಬ್ಬರ್ ಹಾಕಿ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಹೋಗವ್ವ, ಅರ್ಧ ಲೀಟರ್ ತಕಂಬಾ" ಅಂದಳು.

ಕಾಲೇಜು ಸೇರಿದ ಮೇಲೆ ಆ ಪುಸ್ತಕವನ್ನು ನಾನೇ ಓದಿದೆ. ಅದರಲ್ಲಿ ಆ ಹುಡುಗಿಗೆ ತಾಯಿಯೇ ಇರಲಿಲ್ಲ.